ಮೈಸೂರಿನ ಕಾರ್ಖಾನೆ ಪರಂಪರೆಯನ್ನು ನೋಡುವುದು ಹೇಗೆ? ಸೀರೆಯಿಂದ ನೀರಿನವರೆಗೆ ಎರಡು ದಿನಗಳ ಹಾದಿ

ಮೈಸೂರು ನೋಡಲು ಬಂದವರು ಸಾಮಾನ್ಯವಾಗಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿ, ಸಂಜೆಗೆ ಬೃಂದಾವನದ ಕಾರಂಜಿ ನೋಡಿಕೊಂಡು ಹೊರಟುಬಿಡುತ್ತಾರೆ. ಅರಮನೆಯನ್ನು ಕಟ್ಟಿಸಿದ ಅರಸರ ಕಾಲದಲ್ಲೇ ತಲೆಯೆತ್ತಿದ ಕಾರ್ಖಾನೆಗಳು ಊರಿನ ಅಂಚಿನಲ್ಲಿ ಈಗಲೂ ಇವೆ, ಅವುಗಳಲ್ಲಿ ಕೆಲವು ಇಂದಿಗೂ ದುಡಿಯುತ್ತಿವೆ. ಅವನ್ನು ನೋಡಲು ಎರಡು ದಿನ ಸಾಕು, ಆದರೆ ಆ ಎರಡೂ ಕೆಲಸದ ದಿನಗಳಾಗಿರಬೇಕು. ಅರಮನೆ ಭಾನುವಾರವೂ ಅರಮನೆಯೇ. ಮಗ್ಗ ನಿಂತ ಕಾರ್ಖಾನೆ ಬರಿಯ ಕಟ್ಟಡ. ಆದ್ದರಿಂದ ದಿನ ಗೊತ್ತುಮಾಡುವ ಮುನ್ನ ಪ್ರತಿಯೊಂದು ಜಾಗದ ವಾರದ ರಜೆ ಮತ್ತು ಪ್ರವೇಶದ ವೇಳೆಯನ್ನು ದೂರವಾಣಿಯಲ್ಲಿ ವಿಚಾರಿಸಿಕೊಳ್ಳಿ.

ಮೊದಲ ದಿನ ಬೆಳಿಗ್ಗೆ ಕೆ.ಆರ್.ಎಸ್. ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯದಿಂದ ಆರಂಭಿಸಿ. 1979ರಲ್ಲಿ ತೆರೆದ ಇದು ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. ಎಲ್ಲರೂ ಮಹಾರಾಣಿಯವರ ಸಲೂನ್ ಬೋಗಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ, ನೀವೂ ನಿಲ್ಲಿ. ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರನ್ನೂ ನೋಡಿ. ಬಳಿಕ ಬಗ್ಗಿ ಹಳಿಗಳನ್ನು ಗಮನಿಸಿ. ಮೀಟರ್ ಗೇಜ್ ಎಂದರೆ ಎರಡು ಹಳಿಗಳ ನಡುವೆ ಸರಿಯಾಗಿ 1 ಮೀಟರ್ ಅಂತರ. ಅಲ್ಲಿಂದ ನಿಲ್ದಾಣಕ್ಕೆ ಹೋಗಿ ಈಗಿನ ಬ್ರಾಡ್‌ಗೇಜ್ ಹಳಿಯನ್ನು ನೋಡಿದರೆ ಅಂತರ 1.676 ಮೀಟರ್. ಮೈಸೂರಿನಿಂದ ಹೊರಟ ಸರಕನ್ನು ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಇಳಿಸಿ ಮದರಾಸಿನ ಅಗಲ ಹಳಿಯ ಗಾಡಿಗೆ ಮತ್ತೆ ಏರಿಸಬೇಕಾಗಿದ್ದುದು ಈ ಎರಡು ಅಡಿಗೂ ಮಿಕ್ಕಿದ ವ್ಯತ್ಯಾಸದಿಂದಲೇ. ಮಕ್ಕಳ ಕೈಗೆ ಅಳತೆ ಟೇಪು ಕೊಟ್ಟರೆ ಅವರು ಇದನ್ನು ಬೇಗ ಮರೆಯುವುದಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಮಾನಂದವಾಡಿ ರಸ್ತೆಗೆ ಬನ್ನಿ. ಈ ಇಡೀ ಹಾದಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇಲ್ಲಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ವಿದ್ಯುತ್ ಮಗ್ಗಗಳನ್ನು ತರಿಸಿ ಇದನ್ನು ಸ್ಥಾಪಿಸಿದರು. 1980ರಿಂದ ಇದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. ಒಳಗೆ ಬಿಡುವ ಮುನ್ನ ಮೊಬೈಲು, ಕ್ಯಾಮೆರಾಗಳಿಗೆ ಅಡ್ಡಿಯಿರುತ್ತದೆ. ಅದರಿಂದ ಬೇಸರಪಡಬೇಡಿ, ಇಲ್ಲಿ ಕೆಲಸ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ನೂಲನ್ನು ನೆನೆಸುವುದು, ಸುತ್ತುವುದು, ಎಳೆ ಸೇರಿಸುವುದು, ಹುರಿ ಹಾಕುವುದು ಎಂಬ ಕ್ರಮದಲ್ಲೇ ನೋಡುತ್ತ ನಡೆಯಿರಿ. ಹುರಿ ಹಾಕುವ ಯಂತ್ರದ ಮುಂದೆ ಐದು ನಿಮಿಷ ನಿಲ್ಲಿ, ಏಕೆಂದರೆ ಮೈಸೂರು ಕ್ರೇಪ್ ಸೀರೆಯ ಗುಣವೆಲ್ಲ ಈ ಬಿಗಿ ಹುರಿಯಲ್ಲಿದೆ. ಮಗ್ಗದಿಂದ ಇಳಿದ ಬಟ್ಟೆ ಅಂಗಡಿಯಲ್ಲಿ ಕಾಣುವ ಸೀರೆಯಂತಿರುವುದಿಲ್ಲ. ರೇಷ್ಮೆಯ ಸಹಜ ಗೋಂದು ಇನ್ನೂ ಇರುವುದರಿಂದ ಬಿರುಸಾಗಿ, ಮಾಸಲು ಬಿಳುಪಾಗಿ ಇರುತ್ತದೆ. ಅದನ್ನು ಕುದಿಸಿ ಗೋಂದು ತೆಗೆದಾಗ, ಬಿಗಿಯಾಗಿದ್ದ ಹುರಿ ಸಡಿಲಗೊಂಡು ನವಿರಾದ ನೆರಿಗೆ ಮೂಡುತ್ತದೆ. ಬಣ್ಣ ಏರುವುದು ಆಮೇಲೆ. ಮನೆಯಲ್ಲಿ ಹಳೆಯ ಮೈಸೂರು ರೇಷ್ಮೆ ಸೀರೆಯಿದ್ದರೆ ಹಿಂದಿನ ರಾತ್ರಿ ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿಕೊಂಡು ಹೋಗಿ.

ಇದೇ ರಸ್ತೆಯಲ್ಲಿ ಸರ್ಕಾರಿ ಶ್ರೀಗಂಧದ ಎಣ್ಣೆ ಕಾರ್ಖಾನೆಯಿದೆ. ಮೈಸೂರು ಸಂಸ್ಥಾನದ ಗಂಧದ ಮರ ಮೊದಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧದಿಂದ ಆ ವ್ಯಾಪಾರ ನಿಂತು ಮರ ಇಲ್ಲೇ ಉಳಿದಾಗ, ಎಣ್ಣೆಯನ್ನು ಇಲ್ಲಿಯೇ ಭಟ್ಟಿ ಇಳಿಸಬೇಕೆಂಬ ನಿರ್ಧಾರವಾಯಿತು. ಬೆಂಗಳೂರಿನಲ್ಲಿ 1916ರಲ್ಲಿ ಶುರುವಾದ ಈ ಕೆಲಸದ ಬೆನ್ನಿಗೇ ಮೈಸೂರಿನ ಕಾರ್ಖಾನೆ ಬಂತು. ಮರವನ್ನು ಚೂರು ಮಾಡಿ, ಪುಡಿ ಮಾಡಿ, ಅದರ ಮೂಲಕ ಹಬೆ ಹಾಯಿಸಿ ಎಣ್ಣೆ ತೆಗೆಯುತ್ತಾರೆ. ಮರದ ಗುಣಗಳನ್ನು ಇನ್ನಷ್ಟು ತಿಳಿಯಬೇಕೆನ್ನುವವರಿಗೆ ಅಶೋಕಪುರಂನ ಅರಣ್ಯ ಭವನದಲ್ಲಿ ಶ್ರೀಗಂಧದ ಸಂಗ್ರಹಾಲಯವೂ ಇದೆ.

ಸಂಜೆಯ ಹೊತ್ತನ್ನು ಊರಿನ ಉತ್ತರ ಭಾಗಕ್ಕೆ ಇಟ್ಟುಕೊಳ್ಳಿ. ಬನ್ನಿಮಂಟಪದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ 1937ರದ್ದು. 1962ರ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇಲ್ಲಿ ತಯಾರಾಗುತ್ತಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ಬೆಳಕಿಗೆ ಕಪ್ಪಾಗುವುದರಿಂದ ಆ ಗುರುತು ಸಾಬೂನಿಗೆ ಜಗ್ಗುವುದಿಲ್ಲ. ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಜೋಪಾನ ಮಾಡಿಕೊಂಡವರು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಅಂಥ ಬೈಕು ಕಂಡರೆ ಮಾಲೀಕರನ್ನು ವಿನಯದಿಂದ ಕೇಳಿ, ಎಡಗಾಲಿನ ಸನ್ನೆಯನ್ನು (ಲಿವರ್) ಹತ್ತಿರದಿಂದ ನೋಡಿ: ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಅಲ್ಲಿ ದುಡಿದ ಹಿರಿಯರು ಯಾರಾದರೂ ಪರಿಚಯವಿದ್ದರೆ ಅವರ ಮಾತನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಈ ಕೆಲಸಕ್ಕೆ ನಾಳೆ ಎನ್ನಬೇಡಿ.

ಎರಡನೆಯ ದಿನ ಊರು ಬಿಟ್ಟು ಕಾವೇರಿಯ ಬೆನ್ನು ಹಿಡಿಯಬೇಕು. ಹಿಂದಿನ ದಿನ ನೋಡಿದ ವಿದ್ಯುತ್ ಮಗ್ಗಗಳಿಗೆ ಶಕ್ತಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜ ಸಾಗರದಲ್ಲಿ, ಅಂದರೆ ಕನ್ನಂಬಾಡಿ ಅಣೆಕಟ್ಟಿನಲ್ಲಿ, ಕಲ್ಲುಗಳನ್ನು ಹಿಡಿದಿರುವುದು ಇಟ್ಟಿಗೆ ಪುಡಿ ಮತ್ತು ಸುಣ್ಣದ ಸುರ್ಕಿ ಗಾರೆ. ಅಲ್ಲಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ದಿಕ್ಕಿನಲ್ಲಿ ಮಂಡ್ಯಕ್ಕೆ ಸಾಗಿದರೆ ಕಬ್ಬಿನ ಗದ್ದೆಗಳೂ 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯೂ ಒಂದೇ ಕಥೆಯ ಭಾಗಗಳೆಂದು ತಾನಾಗಿ ತಿಳಿಯುತ್ತದೆ. ಕಾರ್ಖಾನೆಯನ್ನು ನೋಡುವುದಾದರೆ ಕಬ್ಬು ಅರೆಯುವ ಹಂಗಾಮಿನಲ್ಲೇ ಹೋಗಿ.

ಕೊನೆಗೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾದ ಜಲವಿದ್ಯುತ್ ಕೇಂದ್ರ 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿತು. ಮೈಸೂರಿನ ಬೀದಿಗಳಿಗೆ ಬೆಳಕು ಬಂದದ್ದು 1908ರಲ್ಲಿ. ಕೇಂದ್ರದೊಳಗೆ ಹೋಗಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಜಲಪಾತಕ್ಕಾಗಿ ಎಲ್ಲರೂ ಮಳೆಗಾಲದಲ್ಲಿ ಹೋಗುತ್ತಾರೆ. ಈ ಹಾದಿಯಲ್ಲಿ ಬರುವವರು ಒಮ್ಮೆಯಾದರೂ ಬೇಸಿಗೆಯಲ್ಲಿ ಹೋಗಬೇಕೆಂಬುದು ನನ್ನ ಸಲಹೆ. ಗಗನಚುಕ್ಕಿಯ ಬಂಡೆಗಳು ಬರಿದಾಗಿ, ನೀರು ಎಳೆಯಷ್ಟಾಗಿ ಇಳಿಯುವುದನ್ನು ಕಂಡಾಗ, ವರ್ಷವಿಡೀ ಯಂತ್ರ ತಿರುಗಿಸಲು ಮೇಲೆ ಕನ್ನಂಬಾಡಿಯಲ್ಲಿ ನೀರನ್ನು ಕೂಡಿಡಬೇಕಾಗಿ ಬಂದದ್ದೇಕೆಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.