ಸಭೆಯ ಸೇವೆಯ ಗುರಿಯನ್ನು ಎಲ್ಲರೂ ಸೇರಿ ಕಂಡುಕೊಳ್ಳುವ ಬಗೆ

ಉಡುಪಿಯಲ್ಲಿ ರಿಕ್ಷಾದವರಿಗೆ ‘ಮಿಶನ್ ಆಸ್ಪತ್ರೆ’ ಎಂದರೆ ಸಾಕು, ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯ ಬಾಗಿಲಲ್ಲಿ ಇಳಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಮಿಶನ್ ಎಂಬ ಮಾತು ಹೀಗೆ ಆಸ್ಪತ್ರೆ, ಶಾಲೆ, ಕಂಪೌಂಡುಗಳ ಹೆಸರಿಗೆ ಅಂಟಿಕೊಂಡಿದೆ. ದೇವರು ನಮ್ಮ ಕ್ರೈಸ್ತ ಸಭೆಯನ್ನು ಇಂದು ಯಾರ ಬಳಿಗೆ, ಯಾವ ಕೆಲಸಕ್ಕೆ ಕಳುಹಿಸುತ್ತಿದ್ದಾನೆ ಎಂಬ ಅದರ ಮೂಲ ಪ್ರಶ್ನೆ ಮಾತ್ರ ಸಭೆಯೊಳಗೇ ಮಸುಕಾಗಿದೆ. ಆ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳಲು ಬಯಸುವ ಸಭಾಪಾಲಕರು, ಸಭಾಹಿರಿಯರು, ಮಹಿಳಾ ಅನ್ಯೋನ್ಯ ಕೂಟದವರು ಮತ್ತು ಯುವಜನರಿಗಾಗಿ ಈ ಬರಹ. ಮಂಗಳೂರು, ಉಡುಪಿ ಸುತ್ತಿನ ನೂರು, ನೂರೈವತ್ತು ಕುಟುಂಬಗಳ ಪ್ರಾಟೆಸ್ಟೆಂಟ್ ಸಭೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಥೋಲಿಕ ಇಗರ್ಜಿಗಳಲ್ಲಿ ವಾಳೆ (ನೆರೆಹೊರೆಯ ಮನೆಗಳ ಗುಂಪು) ಮತ್ತು ಅದರ ಮುಖಂಡರಾದ ಗುರಿಕಾರರ ವ್ಯವಸ್ಥೆ ಇರುವುದರಿಂದ ಮನೆಮನೆ ತಲುಪುವ ದಾರಿ ಅಲ್ಲಿ ಮೊದಲೇ ಇದೆ. ನಮ್ಮಲ್ಲಿ ಅದನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಮೊದಲು ನಾವೇ ಮಾಡಿದ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಸಂಜೆ ಸಮಿತಿಯ ಏಳು ಮಂದಿ ಕುಳಿತು ಎರಡು ಗಂಟೆಯೊಳಗೆ ಸಭೆಯ ಧ್ಯೇಯವಾಕ್ಯವನ್ನು ಬರೆದು ಮುಗಿಸಿದೆವು. ಅದರಲ್ಲಿ ಪ್ರೀತಿ, ಸೇವೆ, ಸಾಕ್ಷಿ ಎಂಬ ಮೂರು ಮಾತುಗಳೂ ಇದ್ದವು, ಒಂದೂ ಸುಳ್ಳಲ್ಲ. ಫ್ಲೆಕ್ಸ್ ಮಾಡಿಸಿ ದೇವಾಲಯದ ಮುಖಮಂಟಪಕ್ಕೆ ಕಟ್ಟಿದೆವು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಷರ ಮಾಸಿತು, ಸಭೆಯಲ್ಲಿ ಏನೂ ಬದಲಾಗಿರಲಿಲ್ಲ. ಸಭೆಯ ಜನರನ್ನು ನಾವು ಒಂದು ಮಾತೂ ಕೇಳಿರಲಿಲ್ಲವಾದ್ದರಿಂದ ಆ ವಾಕ್ಯ ಅವರ ಪಾಲಿಗೆ ಬೇರೆಯವರ ಸೊತ್ತಾಗಿಯೇ ಉಳಿಯಿತು. ಆದುದರಿಂದ ನನ್ನ ಖಚಿತ ಅಭಿಪ್ರಾಯವೇನೆಂದರೆ, ವಾಕ್ಯ ಕೊನೆಗೆ ಬರಬೇಕು, ಮನೆಗಳ ಭೇಟಿ ಮೊದಲಾಗಬೇಕು. ಬೈಬಲಿನ ನೆಹೆಮೀಯನು ಗೋಡೆಯನ್ನು ಮತ್ತೆ ಕಟ್ಟಿಸಲು ಯೆರೂಸಲೇಮಿಗೆ ಬಂದಾಗ ಯಾರಿಗೂ ತನ್ನ ಯೋಜನೆಯನ್ನು ಹೇಳದೆ ರಾತ್ರಿಯಲ್ಲಿ ಹೊರಟು, ಬಿದ್ದ ಗೋಡೆಯನ್ನೂ ಸುಟ್ಟ ಬಾಗಿಲುಗಳನ್ನೂ ಕಣ್ಣಾರೆ ನೋಡಿದ ಮೇಲೆಯೇ ಜನರೊಂದಿಗೆ ಮಾತನಾಡಿದನು.

ಹಿಂದಿನವರು ನಡೆದ ದಾರಿ

ಮನೆಭೇಟಿಗೆ ಹೊರಡುವ ಮುನ್ನ ತಂಡದವರು ಒಂದು ಸಂಜೆ ನಮ್ಮ ಸಭೆಗಳ ಹಿಂದಿನ ಕಥೆಯನ್ನು ಮಾತನಾಡಿಕೊಳ್ಳುವುದು ಒಳ್ಳೆಯದು. ಸ್ಯಾಮ್ಯುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಳುಹಿಸಿದ ಮಿಶನರಿಗಳು, 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಶಾಲೆಗಳು ಬಂದವು, 1841ರಲ್ಲಿ ಮುದ್ರಣಾಲಯ ಬಂತು, 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹೆಂಚು ಮಾಡುವ ಉದ್ದೇಶದಿಂದ ಅವರು ಕಡಲು ದಾಟಿ ಬಂದವರಲ್ಲ. ಹೊಸದಾಗಿ ವಿಶ್ವಾಸಕ್ಕೆ ಬಂದವರು ಜಾತಿಯಿಂದಲೂ ಒಕ್ಕಲುತನದಿಂದಲೂ ಹೊರಬಿದ್ದು ಅನ್ನಕ್ಕೆ ದಾರಿ ಕಾಣದೆ ನಿಂತಾಗ, ಅವರ ಆ ಕಷ್ಟಕ್ಕೆ ಉತ್ತರವಾಗಿ ನೇಯ್ಗೆಯೂ ಹೆಂಚೂ ಹುಟ್ಟಿಕೊಂಡವು. 1923ರಲ್ಲಿ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆಯನ್ನು ಆರಂಭಿಸಿದ್ದೂ ಎದುರಿಗೆ ಕಂಡ ಕೊರತೆಗೆ ಕೊಟ್ಟ ಉತ್ತರವೇ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ದೇಶ ಬಿಡಬೇಕಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕೆಲಸ, ಮನೆ, ಶಾಲೆ ಎಲ್ಲದಕ್ಕೂ ಮಿಶನ್ನಿನತ್ತ ನೋಡುತ್ತಿದ್ದ ಸಭೆಗಳು ಒಮ್ಮೆಲೇ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಸೇವೆಯೆಂದರೆ ಬೇರೆ ಯಾರೋ ನಡೆಸುವುದು, ನಾವು ಪಡೆದುಕೊಳ್ಳುವುದು ಎಂಬ ಭಾವನೆ ನಮ್ಮಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿದ್ದರೆ ಅದರ ಬೇರು ಇಲ್ಲಿದೆ ಎಂದು ನಾನು ಎಣಿಸುತ್ತೇನೆ. ಹಿರಿಯರೊಡನೆ ಇದನ್ನು ಬಿಚ್ಚುಮನಸ್ಸಿನಿಂದ ಮಾತನಾಡಿದರೆ ಮುಂದಿನ ಕೆಲಸ ಸುಲಭವಾಗುತ್ತದೆ.

ಮನೆಭೇಟಿ

ಭೇಟಿಯ ತಂಡದಲ್ಲಿ ಎಂಟರಿಂದ ಹನ್ನೆರಡು ಮಂದಿ ಇರಲಿ. ಅರ್ಧದಷ್ಟಾದರೂ ಮಹಿಳೆಯರಿರಬೇಕು, ಮೂರರಲ್ಲಿ ಒಂದು ಪಾಲು ಸಮಿತಿಯಲ್ಲಿ ಎಂದೂ ಕುಳಿತಿರದವರು ಇರಬೇಕು. ಒಬ್ಬ ಹಿರಿಯರು, ಒಬ್ಬ ಯುವಕ ಅಥವಾ ಯುವತಿ, ಹೀಗೆ ಇಬ್ಬಿಬ್ಬರಾಗಿ ಹೋಗುವುದು ಉತ್ತಮ. ಮಳೆ ನಿಂತು ಅಕ್ಟೋಬರ್ ಬಂದ ಮೇಲೆ ಆರಂಭಿಸಿದರೆ ನವೆಂಬರ್ ಕೊನೆಯೊಳಗೆ ನೂರು ಮನೆ ಮುಗಿಸಬಹುದು. ಡಿಸೆಂಬರಿನಲ್ಲಿ ಕ್ಯಾರಲ್ ತಂಡ ಹೇಗೂ ಪ್ರತಿ ಮನೆಗೆ ಹೋಗುತ್ತದೆ, ಆಗಲೇ ಕೇಳಿದರಾಯಿತು ಎಂದು ಕೆಲವರು ಹೇಳುವುದುಂಟು. ಹಾಡು, ತಿಂಡಿ, ಮುಂದಿನ ಮನೆಯ ಅವಸರದ ನಡುವೆ ಯಾರೂ ತಮ್ಮ ಮನಸ್ಸನ್ನು ಹೇಳಿಕೊಳ್ಳುವುದಿಲ್ಲ.

ಮೂರು ಪ್ರಶ್ನೆಗಳು ಸಾಕು. ಕಳೆದ ಒಂದು ವರ್ಷದಲ್ಲಿ ಸಭೆ ನಿಮಗೆ ಯಾವಾಗ ಆಸರೆಯಾಯಿತು, ಯಾವಾಗ ಆಗಲಿಲ್ಲ? ನಿಮ್ಮ ಮನೆಯಿಂದ ಕೂಗಳತೆಯಲ್ಲಿ, ನಮ್ಮ ಸಭೆಯವರಾಗಲಿ ಅಲ್ಲದವರಾಗಲಿ, ಯಾರು ಕಷ್ಟದಲ್ಲಿದ್ದಾರೆ? ನಿಮ್ಮ ಕೈಯಿಂದ ಆಗುವಂತಹದು ಏನಿದೆ? ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು, ಅದಕ್ಕೆ ಸಮಯ ಕೊಡಬೇಕು. ಆರಾಧನೆ ಕನ್ನಡದಲ್ಲಿ ನಡೆದರೂ ಹೆಚ್ಚಿನ ಮನೆಗಳಲ್ಲಿ ಆಡುವ ಮಾತು ತುಳುವಾಗಿರುವುದರಿಂದ ತುಳುವಿನಲ್ಲಿಯೇ ಕೇಳಬೇಕು, ಅವರು ಹೇಳಿದ ಮಾತನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಸಭೆಯ ಮೇಲೆ ದೂರು ಬಂದರೆ ಸಮಜಾಯಿಷಿ ಕೊಡಬಾರದು. ಬಾಕಿ ಉಳಿದ ವಂತಿಗೆಯ ಮಾತನ್ನು ಆ ದಿನ ಎತ್ತಲೇಬಾರದು; ಎತ್ತಿದರೆ ಭೇಟಿ ವಸೂಲಿಯಾಗಿಬಿಡುತ್ತದೆ, ಆ ಮನೆಯ ಬಾಗಿಲು ಮತ್ತೆ ಮನಸ್ಸಿಟ್ಟು ತೆರೆಯುವುದಿಲ್ಲ.

ನಮ್ಮ ಎರಡನೆಯ ಪ್ರಯತ್ನದಲ್ಲಿ ನಾನು ಹೋದ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು ಒಬ್ಬರೇ ಇದ್ದರು. ಮಗ ಗಲ್ಫಿನಲ್ಲಿ, ಮಗಳು ಬೆಂಗಳೂರಿನಲ್ಲಿ. ಹಣಕ್ಕೆ ತೊಂದರೆಯಿಲ್ಲ, ಕ್ರಿಸ್ಮಸ್ಸಿಗೆ ಸಭೆಯಿಂದ ಕುಸ್ವಾರಿನ (ಹಬ್ಬದ ತಿಂಡಿಗಳ) ಪೊಟ್ಟಣವೂ ಬರುತ್ತದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎನ್ನೊಟ್ಟುಗು ಆಸ್ಪತ್ರೆಗ್ ಬರ್ಪಿನಕುಲು ಏರ್ಲಾ ಇಜ್ಜೆರ್’ ಎಂದರು. ತನ್ನ ಜೊತೆ ಆಸ್ಪತ್ರೆಗೆ ಬರುವವರು ಯಾರೂ ಇಲ್ಲ ಎಂಬ ಆ ಮಾತು, ಸ್ವಲ್ಪ ಬೇರೆ ಬೇರೆ ರೂಪದಲ್ಲಿ, ಉಳಿದ ಜೋಡಿಗಳ ಟಿಪ್ಪಣಿಗಳಲ್ಲಿಯೂ ಇತ್ತು. ಪ್ರತಿ ಭಾನುವಾರ ದೇವಾಲಯದಲ್ಲಿ ಅವರಿಗೆ ಕೈಮುಗಿಯುತ್ತಿದ್ದ ನಮಗೆ ಇದು ಗೊತ್ತಿರಲಿಲ್ಲ.

ಎಲ್ಲ ಭೇಟಿಗಳು ಮುಗಿದ ಮೇಲೆ ತಂಡದವರು ಒಂದೇ ಕಡೆ ಕುಳಿತು, ಮನೆಯವರ ಹೆಸರು ಹೇಳದೆ, ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಬೇಕು. ಯಾವ ಉತ್ತರಕ್ಕೆ ಎಷ್ಟು ಮತ ಎಂದು ಎಣಿಸುವುದು ಇಲ್ಲಿ ಉಪಯೋಗಕ್ಕೆ ಬಾರದು. ಯಾವ ಮಾತು ಬೇರೆ ಬೇರೆ ಬಾಯಿಂದ ಮರುಕಳಿಸುತ್ತದೆ, ಯಾವುದನ್ನು ಓದುವಾಗ ಕುಳಿತವರೆಲ್ಲ ಮೌನವಾಗುತ್ತಾರೆ ಎಂಬುದನ್ನು ಗಮನಿಸಿ ಮೂರು ನಾಲ್ಕು ವಿಷಯಗಳನ್ನು ಗುರುತಿಸಿಕೊಳ್ಳಬೇಕು. ಒಂಟಿ ವೃದ್ಧರ ವಿಷಯ ಎಲ್ಲ ಕಡೆಯೂ ಮೇಲೆ ಬರಬೇಕೆಂದಿಲ್ಲ. ಮಲ್ಪೆಯ ಸಭೆಗೆ ಬಂದರಿನಲ್ಲಿ ದುಡಿಯುವ ಹೊರರಾಜ್ಯದ ಕೆಲಸಗಾರರು ಕಾಣಬಹುದು; ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧದ ಕಾಲದಲ್ಲಿ ಬಂದರನ್ನು ನಂಬಿದವರ ದುಡಿಮೆಗೆ ಹೊಡೆತ ಬೀಳುತ್ತದೆ. ಮಣಿಪಾಲ, ದೇರಳಕಟ್ಟೆಯ ಆಸುಪಾಸಿನ ಸಭೆಗಳಿಗೆ ಮನೆ ಬಿಟ್ಟು ಬಂದ ವಿದ್ಯಾರ್ಥಿಗಳು ಕಾಣಬಹುದು.

ವಾಕ್ಯದ ಬೆಳಕಿನಲ್ಲಿ

ಈಸ್ಟರಿಗೆ ಮುಂಚಿನ ಲೆಂಟ್ (ಉಪವಾಸ) ಕಾಲದ ಆರು ವಾರಗಳನ್ನು ಇದಕ್ಕೆ ಮೀಸಲಿಡಬಹುದು. ಪ್ರತಿ ವಾರ ಪ್ರಾರ್ಥನಾಕೂಟಗಳಲ್ಲಿ ಒಂದೇ ಭಾಗವನ್ನು ಎಲ್ಲರೂ ಓದಲಿ: ನಜರೇತಿನ ಸಭಾಮಂದಿರದಲ್ಲಿ ಯೇಸು ಓದಿದ ಭಾಗ, ಸೆರೆಹೋದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರೆಂದು ಯೆರೆಮೀಯನು ಬರೆದ ಪತ್ರ, ನೆಹೆಮೀಯನ ಗೋಡೆ, ಮೀಕನ ಆರನೆಯ ಅಧ್ಯಾಯ, ಕೊರಿಂಥದವರಿಗೆ ಪೌಲನು ಬರೆದ ದೇಹ ಮತ್ತು ಅಂಗಗಳ ಮಾತು. ಇವೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ನಾನು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯಕ್ಕೆ ಕೊಡುತ್ತೇನೆ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ವಿಶ್ವಾಸಿಗಳು ಗೊಣಗಿದಾಗ ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ. ಇಡೀ ಸಭೆಯನ್ನು ಕರೆದು ಏಳು ಮಂದಿಯನ್ನು ಆರಿಸಲು ಹೇಳಿದರು. ಆ ಏಳೂ ಹೆಸರುಗಳನ್ನು ಗಟ್ಟಿಯಾಗಿ ಓದಿ ನೋಡಿ, ಎಲ್ಲವೂ ಗ್ರೀಕ್ ಹೆಸರುಗಳು. ಕೊರತೆಯನ್ನು ಅನುಭವಿಸಿದವರ ಕಡೆಯವರ ಕೈಗೇ ಸಭೆ ಹಂಚಿಕೆಯನ್ನು ಒಪ್ಪಿಸಿತೆಂದು ಇದರಿಂದ ತೋರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ದೂರು ಹೇಳಿದವರನ್ನು ಬದಿಗಿಟ್ಟು ಹೊಸ ಸಮಿತಿ ಮಾಡುತ್ತೇವೆ.

ಈ ಹಂತದಲ್ಲಿ ಒಂದು ವಾದ ಬಂದೇ ಬರುತ್ತದೆ. ಸುವಾರ್ತೆ ಸಾರುವುದೇ ಸಭೆಯ ಕೆಲಸ ಎಂದು ಕೆಲವರು, ಸಮಾಜಸೇವೆಯೇ ಇಂದಿನ ಸುವಾರ್ತೆ ಎಂದು ಕೆಲವರು ಹೇಳುತ್ತಾರೆ. ಎರಡೂ ಕಡೆಯವರ ಮಾತನ್ನು ಪೂರ್ತಿಯಾಗಿ ಕೇಳಬೇಕು. ನನ್ನ ನಿಲುವು ಇಷ್ಟು: ಯೇಸು ತನ್ನ ಊರಿನಲ್ಲಿ ಓದಿದ ಆ ಭಾಗದಲ್ಲಿ ಸಾರುವುದೂ ಬಿಡಿಸುವುದೂ ಒಂದೇ ಉಸಿರಿನಲ್ಲಿ ಬಂದಿವೆ, ಅವನ್ನು ನಾವು ಬೇರ್ಪಡಿಸಬೇಕಾಗಿಲ್ಲ. ಆದರೆ ನೆರವು ಎಂದಿಗೂ ಗಾಳದ ಎರೆಯಾಗಬಾರದು. ದೇವಸ್ಥಾನ, ಮಸೀದಿ, ದೈವಸ್ಥಾನಗಳ ನೆರೆಯಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ನಾವು ಯಾವ ಪ್ರತಿಫಲವನ್ನೂ ಬಯಸದೆ ಕೊಟ್ಟಾಗಲೇ ನಮ್ಮ ಸಾಕ್ಷಿಗೆ ಬೆಲೆ. ನಮ್ಮ ವಿಶ್ವಾಸವೇನೆಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಹೇಳೋಣ.

ಬರೆಯುವುದು, ಒಪ್ಪುವುದು

ಈಗ ವಾಕ್ಯವನ್ನು ಬರೆಯುವ ಹೊತ್ತು. ಇದನ್ನು ಇಬ್ಬರಿಗೆ ಒಪ್ಪಿಸಿ; ಹನ್ನೆರಡು ಮಂದಿ ಸೇರಿ ಬರೆದ ವಾಕ್ಯದಲ್ಲಿ ಎಲ್ಲರ ಪದವೂ ಇರುತ್ತದೆ, ಅರ್ಥ ಇರುವುದಿಲ್ಲ. ‘ಕ್ರಿಸ್ತನ ಪ್ರೀತಿಯನ್ನು ಎಲ್ಲೆಡೆ ಹರಡುವುದು’ ಎಂಬುದು ನಿಜವಾದರೂ ಅದು ಜಗತ್ತಿನ ಯಾವ ಸಭೆಗೂ ಹೊಂದುತ್ತದೆ. ‘ನಮ್ಮ ಊರಿನಲ್ಲಿ ಒಂಟಿಯಾಗಿ ಬದುಕುವ ಹಿರಿಯರು, ಯಾವ ಧರ್ಮದವರೇ ಆಗಲಿ, ಕಾಯಿಲೆಯ ದಿನ ಒಂಟಿಯಾಗದಂತೆ ಕ್ರಿಸ್ತನ ಹೆಸರಿನಲ್ಲಿ ಜೊತೆ ನಿಲ್ಲುವುದು’ ಎಂದರೆ ನಾಳೆ ಬೆಳಗ್ಗೆ ಏನು ಮಾಡಬೇಕೆಂದು ತಿಳಿಯುತ್ತದೆ. ಅದನ್ನು ತುಳುವಿನಲ್ಲಿ ಹೇಳಿದಾಗಲೂ ಸಹಜವಾಗಿ ಕೇಳಬೇಕು, ಸಂಡೇ ಸ್ಕೂಲಿನ ಮಗು ಮನೆಗೆ ಹೋಗಿ ಅಜ್ಜಿಗೆ ವಿವರಿಸುವಂತಿರಬೇಕು.

ಈಸ್ಟರಿನ ಬಳಿಕ ಸಭೆಯ ಮಹಾಸಭೆಯಲ್ಲಿ ಅದನ್ನು ಮಂಡಿಸಿ. ಅಲ್ಪ ಬಹುಮತದಲ್ಲಿ ಗೆದ್ದರೆ ತೀರ್ಮಾನವನ್ನು ಒಂದು ತಿಂಗಳು ಮುಂದೂಡುವುದೇ ವಿವೇಕ, ಏಕೆಂದರೆ ಸೋತ ಅರ್ಧದಷ್ಟು ಮಂದಿಯನ್ನು ಬಿಟ್ಟು ಹೊರಟ ಸೇವೆ ಸಭೆಯ ಸೇವೆಯಾಗುವುದಿಲ್ಲ. ಯೆರೂಸಲೇಮಿನ ಸಭೆಯಲ್ಲಿಯೂ ಬಹಳ ವಾದವಾದ ಬಳಿಕವೇ ಪವಿತ್ರಾತ್ಮನಿಗೂ ನಮಗೂ ಇದು ಒಳ್ಳೆಯದೆಂದು ತೋಚಿತು ಎಂಬ ಮಾತು ಬಂತು. ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಸಭಾಪಾಲಕರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ; ಅವರೊಡನೆ ಗುರಿಯೂ ವರ್ಗವಾಗಿ ಹೋಗದಂತೆ ಅದು ಸಭಾಹಿರಿಯರ ಕೈಯಲ್ಲಿ ನಿಲ್ಲಬೇಕು.

ಅದೇ ಮಹಾಸಭೆಯಲ್ಲಿ ಯಾವ ಕಾರ್ಯಕ್ರಮವನ್ನು ಕೈಬಿಡುತ್ತೇವೆ ಎಂಬುದನ್ನೂ ತೀರ್ಮಾನಿಸಿ. ಇದು ಕಹಿಯಾದ ಕೆಲಸ, ಆದರೂ ಬಿಡುವಂತಿಲ್ಲ. ದುಡಿಯುವ ಕೈಗಳು ಅವೇ ಹದಿನೈದು ಇಪ್ಪತ್ತಾಗಿರುವಾಗ ಹಳೆಯದೊಂದನ್ನು ಇಳಿಸದೆ ಹೊಸದನ್ನು ಹೊರಿಸಿದರೆ ಮೊದಲು ದಣಿಯುವವರು ಅತ್ಯಂತ ನಂಬಿಗಸ್ತರೇ. ಹಣದ ಮಟ್ಟಿಗೆ ಬೆಳೆ ಹಬ್ಬದ ಏಲಂನಿಂದ ಬರುವುದರಲ್ಲಿ ಒಂದು ನಿಶ್ಚಿತ ಪಾಲನ್ನು ತೆಗೆದಿರಿಸಿ ಪ್ರತ್ಯೇಕ ಲೆಕ್ಕವಿಡಬಹುದು. ಗಲ್ಫಿನಲ್ಲಿರುವ ನಮ್ಮವರು ಭಾರತದ ಪೌರರಾಗಿಯೇ ಉಳಿದಿದ್ದು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ, ಆ ಕಾಯ್ದೆಯಡಿ ನೋಂದಣಿಯಾಗಲಿ ಸರ್ಕಾರದ ಪೂರ್ವಾನುಮತಿಯಾಗಲಿ ಇಲ್ಲದ ಸಭೆ ಅದನ್ನು ಪಡೆಯುವಂತಿಲ್ಲ. ಖಜಾಂಚಿಯವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಈಸ್ಟರಿನಿಂದ ಏಳು ವಾರಗಳ ಬಳಿಕ ಬರುವ ಪೆಂತೆಕೋಸ್ತ್ ಭಾನುವಾರ, ಮಳೆ ಹಿಡಿಯುವ ಹೊತ್ತಿಗೆ, ಕೆಲಸವನ್ನು ಆರಂಭಿಸಿ. ನೆಹೆಮೀಯನ ಗೋಡೆಯನ್ನು ಅನೇಕರು ತಂತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿ ಮುಗಿಸಿದರು. ಅದರಂತೆ ಪ್ರತಿ ಹಿರಿಯರಿಗೂ ನಡೆದು ಹೋಗುವಷ್ಟು ದೂರದ ಒಂದು ಮನೆಯವರೇ ಜೊತೆಯಾಗಲಿ. ಆಸ್ಪತ್ರೆಯ ದಿನಕ್ಕೆ ವಾಹನವಿರುವ ಇನ್ನೊಬ್ಬರ ದೂರವಾಣಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಗೋಡೆಗೆ ಅಂಟಿಸಿ. ತಿಂಗಳಿಗೊಮ್ಮೆ ಆರಾಧನೆಯಲ್ಲಿ, ವಿಜ್ಞಾಪನಾ ಪ್ರಾರ್ಥನೆಗೆ ಮುನ್ನ, ಹೋಗಿಬಂದವರೇ ಐದು ನಿಮಿಷ ಮಾತನಾಡಲಿ, ಅವರ ಪರವಾಗಿ ಕಾರ್ಯದರ್ಶಿ ವರದಿ ಓದುವುದು ಬೇಡ. ವರ್ಷ ತುಂಬಿದಾಗ ಎಷ್ಟು ಸಲ ಹೋದೆವು ಎಂದು ಲೆಕ್ಕ ಹಾಕುವ ಮೊದಲು ಆ ಹಿರಿಯರನ್ನೇ ಕೇಳಿ, ಯಾವ ದಿನ ನಾವು ಬರಬೇಕಾಗಿತ್ತು, ಬರಲಿಲ್ಲ ಎಂದು. ಆಮೇಲೆ ಅಕ್ಟೋಬರಿನಲ್ಲಿ ಮೂರು ಪ್ರಶ್ನೆಗಳೊಡನೆ ಎರಡನೆಯ ಸುತ್ತಿಗೆ ಹೊರಡಿ, ಮೊದಲ ಸುತ್ತಿನಲ್ಲಿ ನಮ್ಮನ್ನು ಒಳಗೆ ಕರೆಯದ ಮನೆಗಳಿಗೆ ಈ ಸಲ ಎಲ್ಲರಿಗಿಂತ ಮೊದಲು ಹೋಗಿ.