ಖಾಲಿ ಬಿಬಿಸಿ ಮೈಕ್ರೊಗೆ ಹೊಸ ಬೋರ್ಡ್ ಕೂರಿಸಿದ್ದು

ಚೆನ್ನಾಗಿ ಓಡುವ ಹಳೆಯ ಕಂಪ್ಯೂಟರನ್ನು ಬಿಚ್ಚಿ, ಒಳಗಿನದ್ದನ್ನೆಲ್ಲ ಕಿತ್ತು ಹೊಸ ಬೋರ್ಡ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಿಪೇರಿ ಆಗುವುದನ್ನು ರಿಪೇರಿಯೇ ಮಾಡಬೇಕು. ನನ್ನ ಕೈಗೆ ಬಂದದ್ದರಲ್ಲಿ ಮಾತ್ರ ರಿಪೇರಿಗೆ ಏನೂ ಉಳಿದಿರಲಿಲ್ಲ.

ಅದು ಬಿಬಿಸಿ ಮೈಕ್ರೊ, ಮಾಡೆಲ್ ಬಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಕಂಪನಿ 1981ರಲ್ಲಿ ಮಾರುಕಟ್ಟೆಗೆ ತಂದದ್ದು. 2 ಮೆಗಾಹರ್ಟ್ಸ್ ವೇಗದ 6502 ಚಿಪ್, 32 ಕೆಬಿ ಮೆಮೊರಿ. ಇಂಗ್ಲೆಂಡಿನ ಯಂತ್ರ ಕಲಬುರಗಿಗೆ ಹೇಗೆ ಬಂತು ಎಂದು ಈಗಿನ ಹುಡುಗರು ಕೇಳುತ್ತಾರೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ‘ಕ್ಲಾಸ್’ ಎಂಬ ಯೋಜನೆ ಶುರು ಮಾಡಿತು. ಅದಕ್ಕೆ ಆರಿಸಿದ್ದು ಇದೇ ಯಂತ್ರ. ಕಂಪ್ಯೂಟರ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಕಾಲ. ಆಮೇಲೆ ಪಿಸಿ ಬಂತು, ಇವೆಲ್ಲ ಸ್ಟೋರ್ ರೂಮ್ ಸೇರಿದವು, ಅಲ್ಲಿಂದ ಗುಜರಿಗೆ.

ಗುಜರಿ ಅಂಗಡಿಯವರು ಮುಚ್ಚುಮರೆ ಮಾಡಲಿಲ್ಲ. “ಸರ್ರ, ಇದು ಚಾಲೂ ಆಗಂಗಿಲ್ರೀ. ಬೇಕಂದ್ರ ಪ್ಲಾಸ್ಟಿಕ್ ತೂಕದಾಗ ಒಯ್ರಿ” ಎಂದರು. ಮನೆಗೆ ತಂದು ಮುಚ್ಚಳದ ಸ್ಕ್ರೂ ಬಿಚ್ಚಿದೆ. ಇಲಿಗಳು ಸಂಸಾರ ಮಾಡಿದ್ದ ಗುರುತು ಎಲ್ಲ ಕಡೆ ಇತ್ತು. ಬೋರ್ಡಿನ ಒಂದು ಮೂಲೆಯಲ್ಲಿ ತಾಮ್ರದ ಗೆರೆಗಳೇ ಇರಲಿಲ್ಲ, ಹಸಿರು ಪುಡಿ ಉಳಿದಿತ್ತು. ಮುಖ್ಯ ಚಿಪ್‌ಗಳನ್ನು ಯಾರೋ ಮೊದಲೇ ಕಿತ್ತುಕೊಂಡಿದ್ದರು. 6502, ರಾಮ್ ಇಂದು ಹುಡುಕಿದರೆ ಸಿಗುತ್ತವೆ. ಆದರೆ ಪರದೆಗೆ ಚಿತ್ರ ಕಳಿಸುವ ವಿಡಿಯೊ ಯುಎಲ್‌ಎ ಏಕಾರ್ನ್‌ನವರು ತಮಗಾಗಿಯೇ ಮಾಡಿಸಿದ ಚಿಪ್, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗೆರೆಗಳೂ ಇಲ್ಲ, ಚಿಪ್ಪೂ ಇಲ್ಲ ಎಂದಾಗ ನಿರ್ಧಾರ ಸುಲಭವಾಯಿತು. ಕೀಬೋರ್ಡ್ ಮತ್ತು ಕೇಸ್ ಮಾತ್ರ ಗಟ್ಟಿಯಾಗಿದ್ದವು.

ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ. ಕೇಸಿಗೆ ಒಂದೂ ಹೊಸ ತೂತು ಕೊರೆಯಬಾರದು, ಕೀಬೋರ್ಡಿನ ಒಂದು ತಂತಿಯನ್ನೂ ಕತ್ತರಿಸಬಾರದು. ಮುಂದೆ ಯಾರಿಗಾದರೂ ಒಳ್ಳೆಯ ಬೋರ್ಡ್ ಸಿಕ್ಕರೆ ಸ್ಕ್ರೂಡ್ರೈವರ್ ಒಂದರಿಂದಲೇ ಹಳೆಯ ರೂಪಕ್ಕೆ ತರುವಂತಿರಬೇಕು.

ಪವರ್ ಸಪ್ಲೈ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ಇಂಥ ಯಂತ್ರ ಸಿಕ್ಕ ಖುಷಿಯಲ್ಲಿ ಸುಮ್ನೆ ಪ್ಲಗ್ ಚುಚ್ಚಿ ನೋಡಬೇಡಿ. ಒಳಗೆ 230 ವೋಲ್ಟ್ ಲೈನಿಗೆ ಅಡ್ಡಲಾಗಿ ರೀಫಾ ಕಂಪನಿಯ ಕಾಗದದ ಕೆಪಾಸಿಟರ್‌ಗಳಿರುತ್ತವೆ. ಹೊರಗಿನ ಪಾರದರ್ಶಕ ಕವಚ ವರ್ಷಗಳಲ್ಲಿ ಬಿರುಕು ಬಿಡುತ್ತದೆ, ಗಾಳಿಯ ತೇವ ಒಳಗೆ ಹೋಗುತ್ತದೆ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಸಿಡಿದು ಮನೆತುಂಬ ಹೊಗೆ. ನಾನು ಆ ಡಬ್ಬಿಗೆ ಕರೆಂಟ್ ಕೊಡಲೇ ಇಲ್ಲ. 230 ವೋಲ್ಟ್ ಕೇಸಿನೊಳಗೆ ಬರುವುದೇ ಬೇಡ ಎಂದು ಹೊರಗೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಇಟ್ಟೆ. ಹಿಂಬದಿಯ ಹಳೆಯ ಸ್ವಿಚ್ಚನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ, ಅದರ ಟಕ್ ಅನ್ನುವ ಸದ್ದು ಬೇಕಿತ್ತು. ಅದನ್ನು ಹಳೆಯ ಸಪ್ಲೈನಿಂದ ಪೂರ್ತಿ ಬೇರೆ ಮಾಡಿ 5 ವೋಲ್ಟ್ ಲೈನಿಗೆ ಸೇರಿಸಿದೆ. ಆಗ ಪರದೆಯ ಮೂಲೆಯಲ್ಲಿ ಮಿಂಚಿನ ಚಿಹ್ನೆ ಬರತೊಡಗಿತು. ಬೋರ್ಡಿಗೆ ತಲುಪುವ ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದಾಗ ಅದು ಕಾಣುತ್ತದೆ. ಸ್ವಿಚ್ಚಿನೊಳಗಿನ ಸಂಪರ್ಕಗಳು ಕಿಲುಬು ಹಿಡಿದಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ತಂತಿಯನ್ನು ದಪ್ಪದ್ದಕ್ಕೆ ಬದಲಾಯಿಸಿದ ಮೇಲೆ ಮಿಂಚು ಮಾಯ.

ಒಳಗೆ ಹಾಕಿದ್ದು ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡ್, ರಾಸ್ಪ್‌ಬೆರಿ ಪೈ 4. “ಯಾಕಣ್ಣಾ, ಹಳೇ ಮಿನಿ ಪಿಸಿ ಬೋರ್ಡ್ ಇನ್ನೂ ಅಗ್ಗ ಸಿಗ್ತದಲ್ಲ” ಎಂದು ಗೆಳೆಯನೊಬ್ಬ ಹೇಳಿದ. ಸಿಗುತ್ತದೆ, ನಿಜ. ಆದರೆ ಇಲ್ಲಿ ಸಂಬಂಧದ ಪ್ರಶ್ನೆ ಇದೆ. ಪೈನ ಒಳಗಿರುವುದು ಆರ್ಮ್ ಪ್ರೊಸೆಸರ್. ಮೊದಲ ಆರ್ಮ್ ಚಿಪ್ ಮಾಡಿದ್ದು ಇದೇ ಏಕಾರ್ನ್. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಆ ಚಿಪ್ 1985ರ ಏಪ್ರಿಲ್ 26ರಂದು ಮೊದಲ ಬಾರಿ ಕೆಲಸ ಮಾಡಿತು, ಅದೂ ಒಂದು ಬಿಬಿಸಿ ಮೈಕ್ರೊಗೆ ಎರಡನೇ ಪ್ರೊಸೆಸರ್ ಆಗಿ. ಈ ಯಂತ್ರದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರೆದವರೂ ವಿಲ್ಸನ್ ಅವರೇ. ಪೈಗೆ ಮಾಡೆಲ್ ಎ, ಮಾಡೆಲ್ ಬಿ ಎಂಬ ಹೆಸರು ಬಂದದ್ದೂ ಬಿಬಿಸಿ ಮೈಕ್ರೊದಿಂದ. ಬೇರೆ ಬೋರ್ಡ್ ಹಾಕಿದ್ದರೆ ದತ್ತು ತೆಗೆದುಕೊಂಡಂತೆ ಆಗುತ್ತಿತ್ತು, ಇಲ್ಲಿ ಮೊಮ್ಮಗನೇ ಮನೆಗೆ ಬಂದಿದ್ದಾನೆ.

ಈಗ ಕೀಬೋರ್ಡ್. ಈ ಕೆಲಸದಲ್ಲಿ ರುಚಿ ಇರುವುದೇ ಇಲ್ಲಿ. ಮೇಲ್ಸಾಲಿನಲ್ಲಿ ಹತ್ತು ಕೆಂಪು ಫಂಕ್ಷನ್ ಕೀ, ಬಲಗಡೆ ಕಂದು ಬಣ್ಣದ ಬಾಣದ ಕೀ, ಕಾಪಿ ಕೀ. ಪ್ರತಿ ಕೀ ಕೆಳಗೂ ನಿಜವಾದ ಸ್ವಿಚ್ ಇದೆ. ಕ್ಯಾಪ್ ಕಿತ್ತು ಸೋಪಿನ ನೀರಲ್ಲಿ ನೆನೆಹಾಕಿದೆ. ಅಂಟುತ್ತಿದ್ದ ಸ್ವಿಚ್‌ಗಳಿಗೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಒಂದೊಂದು ಹನಿ ಬಿಟ್ಟು ಒತ್ತುತ್ತಾ ಕೂತೆ. ತಾಳ್ಮೆ ಬೇಕು, ಬೇರೇನೂ ಬೇಡ.

ಬಿಬಿಸಿ ಕೀಬೋರ್ಡಿನಿಂದ ಹೊರಬರುವುದು 17 ಪಿನ್‌ಗಳ ಒಂದು ಪಟ್ಟಿ. ಬ್ರೇಕ್ ಕೀ ಒಂದನ್ನು ಬಿಟ್ಟು ಎಲ್ಲ ಕೀಗಳೂ ಹತ್ತು ಉದ್ದಸಾಲು, ಎಂಟು ಅಡ್ಡಸಾಲುಗಳ ಜಾಲರಿಯಲ್ಲಿವೆ. ಕೀಬೋರ್ಡಿನ ಮೇಲೆಯೇ ಕೆಲವು ಚಿಪ್‌ಗಳಿರುವುದರಿಂದ ಸಾಲಿಗೊಂದು ತಂತಿ ಎಳೆಯುವ ಕಷ್ಟವಿಲ್ಲ. ನಾಲ್ಕು ತಂತಿಯಲ್ಲಿ ಉದ್ದಸಾಲಿನ ನಂಬರ್ ಕೊಡಬೇಕು, ಮೂರರಲ್ಲಿ ಅಡ್ಡಸಾಲಿನ ನಂಬರ್. ಆ ಜಾಗದ ಕೀ ಒತ್ತಿದೆಯೋ ಇಲ್ಲವೋ ಎಂದು ಇನ್ನೊಂದು ತಂತಿಯಲ್ಲಿ ಉತ್ತರ ಬರುತ್ತದೆ. ಒಂದು ಸೂಕ್ಷ್ಮ ಇದೆ. ಉದ್ದಸಾಲಿನ ನಂಬರ್ ಹಿಡಿದುಕೊಳ್ಳುವ 74ಎಲ್‌ಎಸ್163 ಚಿಪ್ ಗಡಿಯಾರದ ಬಡಿತ ಬಂದಾಗ ಮಾತ್ರ ಹೊಸ ನಂಬರ್ ತೆಗೆದುಕೊಳ್ಳುತ್ತದೆ. ಮೊದಲು ಆ ಬಡಿತವನ್ನು ಬೋರ್ಡಿನ 1 ಮೆಗಾಹರ್ಟ್ಸ್ ತಂತಿ ಕೊಡುತ್ತಿತ್ತು. ಈಗ ಬೋರ್ಡೇ ಇಲ್ಲವಲ್ಲ, ನಾವೇ ಕೊಡಬೇಕು. ಇದನ್ನು ಬಿಟ್ಟರೆ ಯಾವ ಕೀ ಒತ್ತಿದರೂ ಅಸಂಬದ್ಧ ಉತ್ತರ ಬರುತ್ತದೆ.

ಈ ಪ್ರಶ್ನೋತ್ತರ ನಡೆಸಲು ಪೈ ಪಿಕೊ ಎಂಬ ಪುಟ್ಟ ಬೋರ್ಡ್ ಇಟ್ಟೆ. ಅದು ಕೀಗಳನ್ನು ಓದಿ, ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ತರಹ ದೊಡ್ಡ ಪೈಗೆ ಹೇಳುತ್ತದೆ. ಪಿಕೊ 3.3 ವೋಲ್ಟಿನದು, ಬಿಬಿಸಿ ಕೀಬೋರ್ಡ್ 5 ವೋಲ್ಟಿನದು. ಪಿಕೊದಿಂದ ಹೋಗುವ ಸಂಕೇತಕ್ಕೆ ತೊಂದರೆಯಿಲ್ಲ, ಹಳೆಯ ಚಿಪ್‌ಗಳಿಗೆ 2 ವೋಲ್ಟ್ ದಾಟಿದರೆ ಸಾಕು. ವಾಪಸ್ ಬರುವ ತಂತಿಗೆ ಮಾತ್ರ 1ಕೆ ಮತ್ತು 1.8ಕೆ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದೆ. ಬ್ರೇಕ್ ಕೀ ಜಾಲರಿಯಲ್ಲಿಲ್ಲ, ಅದಕ್ಕೆ ಬೇರೆಯೇ ಪಿನ್. ಅದನ್ನು ಎಫ್12 ಮಾಡಿದೆ. ಕ್ಯಾಸೆಟ್ ಓಡುವಾಗ ಉರಿಯುತ್ತಿದ್ದ ಕೆಂಪು ದೀಪ ಈಗ ಟ್ರಾನ್ಸಿಸ್ಟರ್ ಮೂಲಕ ಮೆಮೊರಿ ಕಾರ್ಡ್ ಓದುವಾಗ ಮಿನುಗುತ್ತದೆ. ರೆಸಿಸ್ಟರ್, ಪಿನ್ ಪಟ್ಟಿ ಇವೆಲ್ಲ ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿಗೆ ಹೋದರೆ ಒಂದೇ ಸುತ್ತಿನಲ್ಲಿ ಸಿಗುತ್ತವೆ. ನಮಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಅದೇ ಹತ್ತಿರ.

ಕೂರಿಸುವ ಕೆಲಸ ಸರಳ. ಹಳೆಯ ಬೋರ್ಡಿನ ಸ್ಕ್ರೂ ತೂತುಗಳಿಗೆ ಸರಿಹೊಂದುವಂತೆ ಒಂದು ಅಕ್ರಿಲಿಕ್ ಹಾಳೆ, ಅದರ ಮೇಲೆ ಎಲ್ಲ ಬೋರ್ಡ್‌ಗಳು. ಹಾಳೆ ಕತ್ತರಿಸಿಕೊಟ್ಟವರು ಗಾಡಿ ನಂಬರ್ ಪ್ಲೇಟ್ ಮಾಡುವವರು. ಹಿಂದಿನ ಹಳೆಯ ಪೋರ್ಟ್‌ಗಳ ಕಿಂಡಿಗಳಿಂದಲೇ ಎಚ್‌ಡಿಎಂಐ, ಯುಎಸ್‌ಬಿ ಕೇಬಲ್ ಹೊರಗೆ ತಂದೆ. ಹಳೆಯ ಸ್ಪೀಕರ್ ಬದುಕಿತ್ತು, ಒಂದು ಪುಟ್ಟ ಆಂಪ್ಲಿಫೈಯರ್ ಜೋಡಿಸಿದರೆ ಮುಗಿಯಿತು.

ಕೇಸಿನ ಮುಚ್ಚಳ ಅಲ್ಲಲ್ಲಿ ತುಂಬ ಹಳದಿಯಾಗಿತ್ತು. ಕೂದಲಿಗೆ ಬಣ್ಣ ಹಾಕುವಾಗ ಬಳಸುವ 12% ಪೆರಾಕ್ಸೈಡ್ ಕ್ರೀಮ್ ಹಚ್ಚಿ ಬಿಸಿಲಿಗಿಟ್ಟರೆ ಹಳದಿ ಹೋಗುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರವೇ? ಆದರೆ ಕಲಬುರಗಿಯ ಬಿಸಿಲಲ್ಲಿ ಕ್ರೀಮ್ ಬೇಗ ಒಣಗುತ್ತದೆ, ಒಣಗಿದಲ್ಲೆಲ್ಲ ಕಲೆ ಉಳಿಯುತ್ತದೆ. ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಬೆಳಗಿನ ಎಳೆಬಿಸಿಲಲ್ಲಿ ಮಾತ್ರ ಇಡಿ. ಕೈಗೆ ಗ್ಲೌಸ್ ಇರಲಿ. ಇಡೀ ಕೇಸನ್ನು ಬಿಳಿ ಮಾಡುವ ಹುಚ್ಚು ನನಗಿಲ್ಲ, ವಯಸ್ಸು ಸ್ವಲ್ಪ ಕಾಣಲಿ ಬಿಡಿ.

ಅದೇ ಬಿಸಿಲು ಒಳಗೂ ಕಾಡುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಮುಚ್ಚಿದ ಡಬ್ಬಿಯೊಳಗೆ ಹೇಗಿರಬೇಡ? ಪೈ 80 ಡಿಗ್ರಿ ಮುಟ್ಟಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಟ್‌ಸಿಂಕ್ ಜೊತೆಗೆ ಸಣ್ಣ 5 ವೋಲ್ಟ್ ಫ್ಯಾನ್ ಹಾಕಿ, ಗಾಳಿ ಹಿಂಭಾಗದ ಸೀಳುಗಳಿಂದ ಹೊರಹೋಗುವಂತೆ ತಿರುಗಿಸಿದ್ದೇನೆ. ಕರೆಂಟ್ ಇದ್ದಕ್ಕಿದ್ದಂತೆ ಹೋದರೆ ಮೆಮೊರಿ ಕಾರ್ಡ್ ಕೆಡುವ ಅಪಾಯ ಜಾಸ್ತಿ. ಅದಕ್ಕೆ ಪೈನ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದೆ. ಆಮೇಲೆ ಕಾರ್ಡಿಗೆ ಏನೂ ಬರೆಯುವುದಿಲ್ಲ, ನನ್ನ ಫೈಲುಗಳೆಲ್ಲ ಪೆನ್‌ಡ್ರೈವಿನಲ್ಲಿ.

ಆನ್ ಮಾಡಿದರೆ ಬಿ-ಎಮ್ ಎಂಬ ಎಮ್ಯುಲೇಟರ್ (ಬಿಬಿಸಿ ಮೈಕ್ರೊದಂತೆಯೇ ನಡೆದುಕೊಳ್ಳುವ ಸಾಫ್ಟ್‌ವೇರ್) ತಾನಾಗಿ ತೆರೆದು, ಹಳೆಯ ಎರಡು ಸ್ವರದ ಬೀಪ್ ಹೊಡೆದು, ಬೇಸಿಕ್ ಪರದೆ ಬರುತ್ತದೆ. ಆಗಿನ ಬಿಬಿಸಿಯಲ್ಲಿ ವಿಡಿಯು 23 ಆಜ್ಞೆ ಕೊಟ್ಟು 8×8 ಚುಕ್ಕಿಗಳಲ್ಲಿ ನಮ್ಮದೇ ಅಕ್ಷರ ಬಿಡಿಸಬಹುದಿತ್ತು. ‘ರ’, ‘ಗ’ ಚೆನ್ನಾಗಿ ಬರುತ್ತವೆ. ‘ಕ್ಷ್ಮಿ’ ಬಿಡಿಸಲು ಹೋಗಿ ನೋಡಿ, ಗೊತ್ತಾಗುತ್ತದೆ! ಎಮ್ಯುಲೇಟರಿನಿಂದ ಹೊರಬಂದರೆ ಸಾಮಾನ್ಯ ಲಿನಕ್ಸ್ ಇದೆ, ಅಲ್ಲಿ ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆ ಹಾಕಿದ್ದೇನೆ. ಒತ್ತಕ್ಷರಕ್ಕೆ ಎಫ್, ಮಹಾಪ್ರಾಣಕ್ಕೆ ಶಿಫ್ಟ್. ಪೌಂಡ್ ಚಿಹ್ನೆಯ ಕೀ ಒತ್ತಿದರೆ ಈಗ ₹ ಬರುತ್ತದೆ. ಕಾಪಿ ಕೀಗೆ ಮಾತ್ರ ಇನ್ನೂ ಯಾವ ಕೆಲಸವನ್ನೂ ಕೊಟ್ಟಿಲ್ಲ, ಕನ್ನಡ ಇಂಗ್ಲಿಷ್ ಬದಲಿಸಲು ಅದನ್ನೇ ಇಡೋಣ ಅಂದುಕೊಂಡಿದ್ದೇನೆ.