ಚಿನ್ನದ ನ್ಯಾನೊ ಕಡ್ಡಿಗಳನ್ನು ಬೆಳೆಸುವುದು ಹೇಗೆ?

ಚಿನ್ನದ ಲವಣದ ದ್ರಾವಣಕ್ಕೆ ಅಪಕರ್ಷಣಕಾರಿಯನ್ನು, ಅಂದರೆ ಲವಣದಲ್ಲಿರುವ ಚಿನ್ನವನ್ನು ಲೋಹವಾಗಿಸುವ ರಾಸಾಯನಿಕವನ್ನು, ಬೆರೆಸಿದರೆ ಸಾಮಾನ್ಯವಾಗಿ ಸಿಗುವುದು ಗುಂಡನೆಯ ಕಣಗಳು ತೇಲುವ ಕೆಂಪು ದ್ರವ. 1857ರಲ್ಲಿ ಮೈಕೆಲ್ ಫ್ಯಾರಡೆ ವಿವರಿಸಿದ್ದು ಇಂಥದ್ದನ್ನೇ. ನ್ಯಾನೊ ಕಡ್ಡಿಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಯಾಕಾರದ ಕಣಗಳು, ಬೇಕಾದರೆ ಕಣದ ಹುಟ್ಟನ್ನೂ ಬೆಳವಣಿಗೆಯನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ನಡೆಸುವುದು ಸಾಮಾನ್ಯ ರೂಢಿ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಗಳಾದ ನಿಕೂಬಖ್ತ್ ಮತ್ತು ಎಲ್-ಸಯ್ಯದ್ 2003ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ.

ಮೊದಲು ಬೀಜಕಣಗಳನ್ನು, ಅಂದರೆ ಮುಂದೆ ಕಡ್ಡಿಗಳಾಗಿ ಬೆಳೆಯುವ ಚಿನ್ನದ ಪುಟ್ಟ ಕಣಗಳನ್ನು, ತಯಾರಿಸಬೇಕು. ಸಿಟಿಎಬಿ ಎಂಬ, ಸಾಬೂನಿನ ಗುಣವುಳ್ಳ ರಾಸಾಯನಿಕದ 0.2 ಮೋಲಾರ್ (ಮೋಲಾರ್ ಎಂದರೆ ದ್ರಾವಣದ ಸಾಂದ್ರತೆಯ ಅಳತೆ) ದ್ರಾವಣ 5 ಮಿ.ಲೀ.ಗೆ ಅಷ್ಟೇ ಪ್ರಮಾಣದ 0.5 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲವನ್ನು (ಚಿನ್ನ ಬರುವುದು ಇದರಿಂದಲೇ) ಸೇರಿಸಿ, ಕಲಕುತ್ತಲೇ ಆಗಷ್ಟೇ ತಯಾರಿಸಿದ, ಐಸ್‌ನಷ್ಟು ತಣ್ಣಗಿನ 0.01 ಮೋಲಾರ್ ಸೋಡಿಯಂ ಬೋರೋಹೈಡ್ರೈಡ್ ಎಂಬ ಪ್ರಬಲ ಅಪಕರ್ಷಣಕಾರಿ 0.6 ಮಿ.ಲೀ. ಹಾಕಬೇಕು. ದ್ರವ ಕಂದು ಹಳದಿಗೆ ತಿರುಗುತ್ತದೆ. ಈ ಹಂತದಲ್ಲೇ ಕೆಂಪೇರಿದರೆ ಬೀಜಗಳು ಅತಿಯಾಗಿ ಬೆಳೆದಿವೆ ಎಂದರ್ಥ. ಅದನ್ನು ಚೆಲ್ಲಿ ಹೊಸದಾಗಿ ಮಾಡುವುದೇ ಲೇಸು.

ಇನ್ನೊಂದು ಪಾತ್ರೆಯಲ್ಲಿ ಸಿಟಿಎಬಿ, ಚಿನ್ನದ ಲವಣ ಮತ್ತು ತುಸು ಸಿಲ್ವರ್ ನೈಟ್ರೇಟ್ ಬೆರೆಸಿ, ಆಸ್ಕಾರ್ಬಿಕ್ ಆಮ್ಲವನ್ನು, ಅಂದರೆ ವಿಟಮಿನ್ ಸಿಯನ್ನು, ಹಾಕಿದಾಗ ಹಳದಿ ಬಣ್ಣ ಮಾಯವಾಗುತ್ತದೆ. ಇದು ದುರ್ಬಲ ಅಪಕರ್ಷಣಕಾರಿಯಾದ್ದರಿಂದ ಚಿನ್ನವನ್ನು ಅರ್ಧದಾರಿಗೆ ತಂದು ನಿಲ್ಲಿಸುತ್ತದೆ. ಲೋಹವಾಗಿ ಕೂಡಲು ಅದಕ್ಕೆ ಬೀಜದ ಮೇಲ್ಮೈ ಬೇಕು. ಹಾಲಿಗೆ ಹೆಪ್ಪು ಹಾಕಿದಂತೆ, ಈ ದ್ರಾವಣದ 10 ಮಿ.ಲೀ.ಗೆ ಬೀಜದ್ರಾವಣ ಕೇವಲ 12 ಮೈಕ್ರೋಲೀಟರ್ ಸಾಕು. ಬಳಿಕ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸದೆ ಬಿಟ್ಟರೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಬಣ್ಣ ಏರುತ್ತದೆ. ಎಸಿ ಕೋಣೆಯ ತಂಪಿನಲ್ಲಿ ಸಿಟಿಎಬಿ ಹರಳುಗಟ್ಟುವುದರಿಂದ ಈ ಬೆಚ್ಚಗಿನ ಸ್ಥಿತಿಯನ್ನು ತಪ್ಪಿಸುವಂತಿಲ್ಲ.

ಆಕಾರವನ್ನು ನಿರ್ಧರಿಸುವುದು ಈ ಬೆಳವಣಿಗೆಯೇ. ಸಿಟಿಎಬಿಯ ಪದರವೂ ಬೆಳ್ಳಿಯೂ ಕಣದ ಪಕ್ಕಗಳನ್ನು ಹೆಚ್ಚಾಗಿ ಮುಚ್ಚಿಕೊಳ್ಳುವುದರಿಂದ ಹೊಸ ಚಿನ್ನ ತುದಿಗಳಲ್ಲೇ ಕೂಡುತ್ತ ಹೋಗುತ್ತದೆ ಎಂಬುದು ಸಾಮಾನ್ಯ ವಿವರಣೆ. ಅದರ ಸೂಕ್ಷ್ಮಗಳ ಬಗ್ಗೆ ಚರ್ಚೆ ಮುಗಿದಿಲ್ಲ. ಬೆಳ್ಳಿಯ ಪ್ರಮಾಣ ಹೆಚ್ಚಿಸಿದರೆ ಒಂದು ಮಿತಿಯವರೆಗೆ ಕಡ್ಡಿ ಉದ್ದವಾಗುತ್ತದೆ. ಮಿತಿ ದಾಟಿದರೆ ಮತ್ತೆ ಗಿಡ್ಡವಾಗುತ್ತದೆ.

ಕೊನೆಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಜೀವಕೋಶಗಳಿಗೆ ವಿಷವಾದ ಹೆಚ್ಚುವರಿ ಸಿಟಿಎಬಿಯನ್ನು ತೆಗೆದು, ಬೆಳಕಿನ ಹೀರಿಕೆಯನ್ನು ಅಳೆಯಬೇಕು. ಕಡ್ಡಿಗಳಿದ್ದರೆ 520 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಹೀರಿಕೆಯ ಶಿಖರದ ಜೊತೆಗೆ ಇನ್ನೂ ಉದ್ದದ ತರಂಗಾಂತರದಲ್ಲಿ ಎರಡನೆಯದು ಕಾಣುತ್ತದೆ. ಮೊದಲನೆಯದಷ್ಟೇ ಕಂಡರೆ ಸಿಕ್ಕಿರುವುದು ಬಹುಮಟ್ಟಿಗೆ ಗುಂಡುಗಳೇ. ಆಗ ಅಳತೆಗಳ ಜೊತೆಗೆ ಸಿಟಿಎಬಿಯ ಬಾಟಲಿಯನ್ನೂ ಅನುಮಾನಿಸಬೇಕು. ಅದರಲ್ಲಿ ಅತ್ಯಲ್ಪ ಅಯೊಡೈಡ್ ಕಲ್ಮಶವಿದ್ದರೂ ಕಡ್ಡಿಗಳು ಬೆಳೆಯದೇ ಹೋಗಬಹುದು.